ಕೆರೆಗೆ ಹೋದರೆ ಅಂಚು ನೋಡಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಇಷ್ಟು ಜನ ಬಂದು ಕೂತಿದ್ದೀರಿ, ತುಂಬಾ ಖುಷಿಯಾಯಿತು. ನಿಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನನಗೆ ಸ್ಯಾಂಕಿ ಕೆರೆಯ ವಾಕಿಂಗ್‌ನಲ್ಲೇ ಪರಿಚಯ. ಹಾಗಾಗಿ ಒಂದು ಪ್ರಶ್ನೆ ಕೇಳಿಯೇ ಶುರು ಮಾಡುತ್ತೇನೆ. ನಾವು ದಿನಾ ಕೆರೆ ಸುತ್ತುತ್ತೇವಲ್ಲ, ಆಗ ನಮ್ಮ ಕಣ್ಣು ಎಲ್ಲಿರುತ್ತದೆ? ನಡುನೀರಿನ ಮೇಲೆ. ಫೋಟೊ ತೆಗೆಯುವುದೂ ಅದನ್ನೇ. ಇವತ್ತು ನಾನು ಕೇಳಿಕೊಳ್ಳುವುದು ಇಷ್ಟೇ. ಕೆರೆಗೆ ಹೋದಾಗ ಅಂಚು ನೋಡಿ. ನೀರು ಮುಗಿದು ನೆಲ ಶುರುವಾಗುವ ಕಡೆ ಕೆಸರು, ಜೊಂಡು ಇರುತ್ತದಲ್ಲ, ಅದನ್ನು ನೋಡಿ.

ಬೆಂಗಳೂರಿಗೆ ವರ್ಷವಿಡೀ ತುಂಬಿ ಹರಿಯುವ ಹೊಳೆ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ದಿಣ್ಣೆಯ ಮೇಲೆ ಕೂತ ಊರು ಇದು. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಓಡುವ ಈ ನೀರನ್ನು ಹಿಡಿದು ನಿಲ್ಲಿಸಲು ಹಿಂದಿನವರು ತಗ್ಗಿನ ಕಡೆ ಮಣ್ಣಿನ ಏರಿ ಹಾಕಿದರು. ಗದ್ದೆಗೆ ನೀರು ಬಿಡಲು ತೂಬು, ಮಿಕ್ಕ ನೀರು ಹೋಗಲು ಕೋಡಿ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರುತ್ತಿತ್ತು. ತೂಬು ತೆಗೆಯಲು, ಮುಚ್ಚಲು ನೀರುಗಂಟಿ ಇರುತ್ತಿದ್ದ. ಕೆರೆ ತುಂಬಿದ ವರ್ಷ ಊರಿನವರು ಬಂದು ಗಂಗಮ್ಮನಿಗೆ ಬಾಗಿನ ಕೊಡುತ್ತಿದ್ದರು. ಬಸ್ಸಿನ ಬೋರ್ಡಿನಲ್ಲಿ ಬೊಮ್ಮಸಂದ್ರ, ಜಕ್ಕಸಂದ್ರ, ತಿಪ್ಪಸಂದ್ರ ಅಂತ ಓದುತ್ತೇವಲ್ಲ, ಆ ಸಂದ್ರ ಅನ್ನುವುದು ಸಮುದ್ರವೇ. ದೊಡ್ಡ ಕೆರೆಯನ್ನು ನಮ್ಮವರು ಸಮುದ್ರ ಅಂತ ಕರೆದರು.

ಇಲ್ಲಿ ಒಂದು ವಿಷಯ ಗಮನಿಸಿ. ಏರಿ ಇರುವುದು ಒಂದು ಕಡೆ ಮಾತ್ರ. ಎದುರಿಗಿನ ದಡ ಇಳಿಜಾರಾಗಿ, ಗದ್ದೆಯೋ ಕೆರೆಯೋ ಗೊತ್ತಾಗದ ಹಾಗೆ ನೀರಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ನೀರು ಅಲ್ಲಿಗೆ ಏರುತ್ತದೆ, ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ಸರಿದ ಜಾಗದಲ್ಲಿ ಹುಲ್ಲು ಬರುತ್ತದೆ, ಹೊನಗೊನ್ನೆ ಸೊಪ್ಪು ಬರುತ್ತದೆ. ದನಕ್ಕೆ ಮೇವು ಕೊಯ್ಯುವವರು ಬರುತ್ತಾರೆ. ಮೊಣಕಾಲುದ್ದದ ನೀರಿನಲ್ಲಿ ಕೊಕ್ಕರೆ, ಬೆಳ್ಳಕ್ಕಿ ನಿಂತು ಮೀನು ಹಿಡಿಯುತ್ತವೆ. ಕೆರೆಯ ಸಂಸಾರವೆಲ್ಲ ನಡೆಯುವುದು ಇಲ್ಲೇ.

ಗುಳುಮುಳುಕ ಅಂತ ಒಂದು ಹಕ್ಕಿ ಇದೆ. ಬಾತಿಗಿಂತ ಎಷ್ಟೋ ಚಿಕ್ಕದು, ಕಂದು ಬಣ್ಣ, ನೋಡುತ್ತಿದ್ದ ಹಾಗೇ ಗುಳುಕ್ಕನೆ ಮುಳುಗಿ ಇನ್ನೆಲ್ಲೋ ಏಳುತ್ತದೆ. ಒಮ್ಮೆ ನಾನು ಅದರ ಗೂಡನ್ನು ದುರ್ಬೀನಿನಲ್ಲಿ ತುಂಬಾ ಹೊತ್ತು ನೋಡಿದೆ. ಗೂಡು ಅಂದರೆ ಕೊಳೆತ ಎಲೆ, ಪಾಚಿ, ಕಡ್ಡಿಯ ಒಂದು ತೇಲುವ ಗುಡ್ಡೆ, ಅಷ್ಟೇ. ಅದನ್ನು ಜೊಂಡಿಗೆ ಸಿಕ್ಕಿಸಿಕೊಂಡಿತ್ತು. ನೀರು ಏರಿದರೆ ಗೂಡೂ ಏರುತ್ತದೆ. ಯಾರೋ ದಡದಲ್ಲಿ ಜೋರಾಗಿ ಮಾತಾಡುತ್ತಾ ಬಂದರು. ಹಕ್ಕಿ ತಕ್ಷಣ ಎದ್ದು ಓಡಲಿಲ್ಲ. ಕೊಕ್ಕಿನಿಂದ ಒದ್ದೆ ಎಲೆಗಳನ್ನು ಎಳೆದೆಳೆದು ಮೊಟ್ಟೆಯ ಮೇಲೆ ಹೊದಿಸಿತು, ಆಮೇಲೆ ಸದ್ದಿಲ್ಲದೆ ನೀರಿಗೆ ಇಳಿಯಿತು. ಈಗ ನೋಡಿದರೆ ಅಲ್ಲಿ ಕಸದ ಗುಡ್ಡೆ ಬಿಟ್ಟು ಬೇರೇನೂ ಇಲ್ಲ! ಅವತ್ತಿನಿಂದ ಜೊಂಡು ಕಂಡರೆ ನನಗೆ ಮನೆ ಕಂಡ ಹಾಗೆ.

ಅದಕ್ಕೇ ನನಗೆ ಒಂದು ನೋವು ಇನ್ನೂ ಹೋಗಿಲ್ಲ. ನಮ್ಮ ಬಡಾವಣೆಯ ಹತ್ತಿರ ಒಂದು ಚಿಕ್ಕ ಕೆರೆ ಇತ್ತು. ಅಭಿವೃದ್ಧಿ ಅಂತ ಕೆಲಸ ಶುರುವಾಯಿತು. ಜೆಸಿಬಿ ಬಂದು ದಡವನ್ನೆಲ್ಲ ಕಡಿದಾಗಿ ಕೊರೆಯಿತು. ಸುತ್ತಲೂ ಕಲ್ಲು ಕಟ್ಟಿದರು, ಸುತ್ತಲೂ ವಾಕಿಂಗ್ ದಾರಿ, ಸುತ್ತಲೂ ದೀಪ. ಕೆರೆ ಹೋಗಿ ಬೋಗುಣಿ ಆಯಿತು. ನೀರೇನೋ ಜಾಸ್ತಿಯೇ ನಿಂತಿತು. ಮಕ್ಕಳಿಗೆ ಜಾರುಬಂಡೆ ಬಂತು, ವಯಸ್ಸಾದವರಿಗೆ ಬೆಂಚು ಬಂತು, ಅದೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಕೊಕ್ಕರೆಗೆ ಕಾಲೂರಲು ಜಾಗ ಉಳಿಯಲಿಲ್ಲ. ಒಂದು ಕಡೆಯ ಇಳಿಜಾರನ್ನಾದರೂ ಸುಮ್ನೆ ಬಿಟ್ಟಿದ್ದರೆ ಎರಡೂ ಆಗುತ್ತಿತ್ತು, ಅಲ್ವಾ?

ಇನ್ನು ಪೂರ್ತಿ ಹೋದ ಕೆರೆಗಳು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂತು, ಒಂದು ಚಿಕ್ಕ ಕೊಳ ಮಾತ್ರ ಉಳಿದಿದೆ. ಕರಗದ ಪೂಜೆಗೆ ಈಗಲೂ ಅಲ್ಲಿಗೆ ಬರುತ್ತಾರೆ. ಇರುವ ಕೆರೆಗಳನ್ನು ಒಡೆಯಬೇಡಿ, ಉಳಿಸಿಕೊಳ್ಳಿ ಅಂತ ಸರ್ಕಾರವೇ ನೇಮಿಸಿದ್ದ ಲಕ್ಷ್ಮಣ ರಾವ್ ಸಮಿತಿ 1986ರಲ್ಲೇ ಹೇಳಿತ್ತು.

ನಮ್ಮ ಸ್ಯಾಂಕಿಯ ಕಥೆ ಸ್ವಲ್ಪ ಬೇರೆ. ಅದು ಹಳೆಯ ಊರಕೆರೆ ಅಲ್ಲ. ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿ ಕಟ್ಟಿಸಿದ ಎಂಜಿನಿಯರ್ ಸ್ಯಾಂಕಿ ಇದ್ದರಲ್ಲ, ಅವರು 1882ರಲ್ಲಿ ಊರಿಗೆ ನೀರು ಕೂಡಿಡಲೆಂದೇ ಕಟ್ಟಿಸಿದ್ದು. ಹತ್ತಿರದಲ್ಲಿ ಸರ್ಕಾರದ ಗಂಧದ ಕೋಠಿ ಇದ್ದದ್ದರಿಂದ ಗಂಧದ ಕೋಠಿ ಕೆರೆ ಅಂತಲೂ ಕರೆಯುತ್ತಿದ್ದರು. ನನಗೆ ಈ ಹೆಸರೇ ಜಾಸ್ತಿ ಇಷ್ಟ. ಸುಮಾರು 37 ಎಕರೆ. ನಡೆಯಲು ಒಳ್ಳೆಯ ಜಾಗ. ಅಂಚು ನೋಡಬೇಕಾದರೆ ಮಾತ್ರ ನಾನು ನಿಮ್ಮನ್ನು ಜಕ್ಕೂರಿಗೆ ಕರೆದುಕೊಂಡು ಹೋಗುತ್ತೇನೆ.

ಜಕ್ಕೂರು ಕೆರೆ ಸುಮಾರು 160 ಎಕರೆ. ಯಲಹಂಕದ ಕಡೆಯಿಂದ ಬಂದ ನೀರು ಅಲ್ಲಿ ನಿಂತು, ಮುಂದೆ ರಾಚೇನಹಳ್ಳಿ ಕೆರೆಗೆ ಹೋಗುತ್ತದೆ. ಕೆರೆಯ ತಲೆಯ ಕಡೆ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕ ಇದೆ. ಅಲ್ಲಿ ಶುದ್ಧವಾದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು ತುಂಬಿದ ಜೌಗಿನೊಳಗೆ ನಿಧಾನವಾಗಿ ಹಾಯುತ್ತದೆ. ಸೋಪಿನ ಪುಡಿಯ ರಂಜಕ, ಮಲಮೂತ್ರದ ಸಾರಜನಕ ಘಟಕದಲ್ಲಿ ಪೂರ್ತಿ ಹೋಗಿರುವುದಿಲ್ಲ. ಅವನ್ನು ಜೊಂಡು, ಅದರ ಬೇರಿನಲ್ಲಿರುವ ಸೂಕ್ಷ್ಮಜೀವಿಗಳು ತಿನ್ನುತ್ತವೆ. ಹಾಗೆ ಮಾಡದೆ ಕೊಳಚೆಯನ್ನು ನೇರವಾಗಿ ಬಿಟ್ಟರೆ ಏನಾಗುತ್ತದೆ ಅಂತ ಬೆಳ್ಳಂದೂರಿನಲ್ಲಿ ನೊರೆ ರಸ್ತೆಗೆ ಹಾರಿದಾಗ ನೋಡಿದ್ದೇವೆ. ಜಕ್ಕೂರಿನಲ್ಲಿ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಗಳು, ಈಜುತ್ತವೆ, ಮೀನುಗಾರರು ಬಲೆ ಬೀಸುತ್ತಾರೆ. ಆದರೆ ಜೊಂಡು ಬೆಳೆಯುತ್ತಲೇ ಇರುತ್ತದೆ. ಆಗಾಗ ಕೊಯ್ದು ತೆಗೆಯದಿದ್ದರೆ ಸತ್ತು, ಕೊಳೆತು, ತಿಂದದ್ದನ್ನೆಲ್ಲ ಮತ್ತೆ ನೀರಿಗೇ ಬಿಡುತ್ತದೆ. ಅಂಚನ್ನು ಬಿಟ್ಟರೆ ಸಾಲದು, ನೋಡಿಕೊಳ್ಳಲೂ ಬೇಕು. ಪುಟ್ಟೇನಹಳ್ಳಿ ಕೆರೆಯ ಸುತ್ತಲಿನ ನಿವಾಸಿಗಳು ತಮ್ಮದೇ ಟ್ರಸ್ಟ್ ಮಾಡಿಕೊಂಡು ಅಂಥ ಕೆಲಸ ಮಾಡುತ್ತಾ ಬಂದಿದ್ದಾರೆ.

ಇನ್ನೊಂದು ಮಾತು, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಮೀನಿಗೆ ಪುರಿ, ಬ್ರೆಡ್ ಹಾಕುವುದನ್ನು ಬಿಡೋಣ. ಪುಣ್ಯ ಬರಲಿ ಅಂತಲೇ ಹಾಕುತ್ತೇವೆ, ಗೊತ್ತು. ಆದರೆ ಮಿಕ್ಕದ್ದು ತಳದಲ್ಲಿ ಕೊಳೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ. ರಾತ್ರಿ ಪಾಚಿಯೂ ಆಮ್ಲಜನಕ ಕೊಡುವುದಿಲ್ಲ, ಅದೂ ಉಸಿರಾಡುತ್ತದೆ. ಹಾಗಾಗಿ ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಮೀನುಗಳು ಬಾಯಿ ಮೇಲೆತ್ತಿ ಒದ್ದಾಡುವುದು ಆ ಹೊತ್ತಿನಲ್ಲೇ. ಹೂವಿನ ಹಾರಕ್ಕೂ, ಪೂಜೆಯ ಸಾಮಾನಿಗೂ ಇದೇ ಮಾತು.

ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಜಕ್ಕೂರು ಕೆರೆಯ ಗೇಟಿನ ಹತ್ತಿರ ಸೇರೋಣ. ಪೂರ್ತಿ ಸುತ್ತು ಹಾಕುವುದಿಲ್ಲ. ನೀರು ಒಳಗೆ ಬರುವ ಕಡೆ ಹೋಗಿ, ಜೊಂಡಿನಿಂದ ಸ್ವಲ್ಪ ದೂರದಲ್ಲಿ, ಹತ್ತು ನಿಮಿಷ ಮಾತಾಡದೆ ನಿಲ್ಲೋಣ. ಗುಳುಮುಳುಕದ ಗೂಡು ಕಂಡರೆ ಕೈ ಮಾಡಿ ತೋರಿಸಿ, ಕೂಗಬೇಡಿ. ಫೋನಿನ ರಿಂಗ್ ನಿಲ್ಲಿಸಿ ಬನ್ನಿ. ದುರ್ಬೀನು ಇಲ್ಲದವರು ಚಿಂತೆ ಮಾಡಬೇಡಿ, ನನ್ನ ಹತ್ತಿರ ಎರಡಿವೆ, ಒಬ್ಬರಾದ ಮೇಲೆ ಒಬ್ಬರು ನೋಡಬಹುದು.