ಚಂದ್ರನ ಮೇಲೆ ಛತ್ರಿ ಏಟು: ಮ್ಯೂಸಿಕ್ ವಿಡಿಯೋ ಕದಿಯುತ್ತಾ, ಕೈ ಮುಗಿಯುತ್ತಾ?

[ಕಪ್ಪು ಪರದೆ. ಹಳೇ ಪ್ರೊಜೆಕ್ಟರ್ ಸದ್ದು.]

ಹೋದ ವಿಡಿಯೋ ನೋಡಿ ನಿಮ್ಮಲ್ಲೊಬ್ಬರು ಕೇಳಿದ್ದರು: “ದೊಡ್ಡ ಗಾಯಕರು ಹಳೇ ಸಿನಿಮಾದ ಸೀನ್ ಎತ್ತಿದರೆ ಟ್ರಿಬ್ಯೂಟ್ ಅಂತೀರಿ, ನಾವು ಎತ್ತಿದರೆ ಕಾಪಿ ಅಂತೀರಿ. ಇದ್ಯಾವ ನ್ಯಾಯ ಸಾರ್?”

ನ್ಯಾಯವಾದ ಪ್ರಶ್ನೆ. ತುಂಬಾ ದಿನ ತಲೆ ತಿಂದಿತು. ಕೊನೆಗೆ ಉತ್ತರ ಸಿಕ್ಕಿದ್ದು ಒಂದು ಹಡಗಿನ ಮೇಲೆ. ಅಲ್ಲಿಗೆ ಬರುತ್ತೇನೆ.

ಮೊದಲು ಬೇಸಿಕ್ಸ್, ಓಡೋಡಿಕೊಂಡು. ಮ್ಯೂಸಿಕ್ ವಿಡಿಯೋಗೆ ಸಿಗುವುದು ಮೂರ್ನಾಲ್ಕು ನಿಮಿಷ. ಪಾತ್ರ ಪರಿಚಯಿಸಿ ಕಥೆ ಕಟ್ಟುತ್ತಾ ಕೂತರೆ ಹಾಡೇ ಮುಗಿದುಹೋಗುತ್ತದೆ. ಹಾಗಾಗಿ ನಿಮ್ಮ ತಲೆಯಲ್ಲಿ ಆಗಲೇ ಮಲಗಿರುವ ಒಂದು ಸಿನಿಮಾವನ್ನು ತಟ್ಟಿ ಎಬ್ಬಿಸುತ್ತಾರೆ. 1985ರ ‘ಮೆಟೀರಿಯಲ್ ಗರ್ಲ್’ನಲ್ಲಿ ಮಡೋನಾ ಗುಲಾಬಿ ಗೌನ್ ಹಾಕಿಕೊಂಡು ಸೂಟುಧಾರಿ ಗಂಡಸರ ಮಧ್ಯೆ ಕುಣಿಯುತ್ತಾರೆ. ಅದನ್ನು ನೋಡಿದರೆ 1953ರ ‘ಜಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್’ನ ಮರ್ಲಿನ್ ಮನ್ರೋ ನೆನಪಾಗಲೇಬೇಕು. ನೆನಪಾಗಲಿ ಅಂತಲೇ ಹಾಗೆ ಮಾಡಿದ್ದು.

ಈಗ ಚಂದ್ರ.

[ಪರದೆಯ ಮೇಲೆ: ಕಣ್ಣಿಗೆ ರಾಕೆಟ್ ಚುಚ್ಚಿಸಿಕೊಂಡ ಚಂದ್ರನ ಮುಖ.]

ಈ ಚಿತ್ರ ಎಲ್ಲಾದರೂ ನೋಡಿಯೇ ಇರುತ್ತೀರಿ. 1902, ಫ್ರಾನ್ಸ್, ‘ಎ ಟ್ರಿಪ್ ಟು ದ ಮೂನ್’. ಮಾಡಿದವರು ಜಾರ್ಜ್ ಮೆಲಿಯೆಸ್, ಮೂಲತಃ ಜಾದೂಗಾರ. ಎಲ್ಲರೂ ಆ ರಾಕೆಟ್ ಬಗ್ಗೆ ಮಾತಾಡುತ್ತಾರೆ, ನನಗೆ ಮಾತ್ರ ಛತ್ರಿ ಇಷ್ಟ. ಚಂದ್ರನ ಮೇಲಿಳಿದ ವಿಜ್ಞಾನಿಗಳ ಕೈಯಲ್ಲಿ ಗನ್ ಇಲ್ಲ, ಛತ್ರಿ ಇದೆ. ಅಲ್ಲಿನ ಜೀವಿಗಳು ಮೈಮೇಲೆ ಬಂದಾಗ ಛತ್ರಿಯಲ್ಲಿ ಒಂದು ಬಾರಿಸುತ್ತಾರೆ. ಏಟು ತಿಂದವನು ಬುಸ್ಸಂತ ಹೊಗೆಯಾಗಿ ಮಾಯ!

ಇದನ್ನು ಹೇಗೆ ಮಾಡಿದರು ಗೊತ್ತಾ? ಏಟು ಬಿದ್ದ ಕ್ಷಣ ಕ್ಯಾಮೆರಾ ನಿಲ್ಲಿಸು. ನಟ ಎದ್ದು ಹೋಗಲಿ. ಅವನಿದ್ದ ಜಾಗದಲ್ಲಿ ಹೊಗೆ ಬಿಡು. ಮತ್ತೆ ಕ್ಯಾಮೆರಾ ಶುರು ಮಾಡು, ಆಮೇಲೆ ಫಿಲಂ ಕತ್ತರಿಸಿ ಅಂಟಿಸು. ಇಷ್ಟೇ. ಆದರೆ ಅಷ್ಟು ಹೊತ್ತು ಉಳಿದವರೆಲ್ಲ ಹೇಗಿದ್ದರೋ ಹಾಗೇ ನಿಂತಿರಬೇಕು. ಛತ್ರಿ ಎತ್ತಿದವನು ಎತ್ತಿದ ಹಾಗೇ. ಮೂಗು ತುರಿಸಿದರೂ ಮುಟ್ಟುವ ಹಾಗಿಲ್ಲ, ಅಲುಗಾಡಿದರೆ ಜಾದೂ ಕೆಟ್ಟಿತು. ಮಕ್ಕಳ ‘ಸ್ಟ್ಯಾಚ್ಯೂ’ ಆಟ ನೆನಪಿದೆಯಲ್ವಾ? ಅದೇ, ದೊಡ್ಡವರು ಸಂಬಳ ತಗೊಂಡು ಆಡಿದ್ದು.

94 ವರ್ಷ ಮುಂದೆ ಬನ್ನಿ. 1996. ಸ್ಮ್ಯಾಶಿಂಗ್ ಪಂಪ್‌ಕಿನ್ಸ್ ಬ್ಯಾಂಡಿನ ‘ಟುನೈಟ್, ಟುನೈಟ್’. ನಿರ್ದೇಶಕರು ಜೋನಾಥನ್ ಡೇಟನ್ ಮತ್ತು ವ್ಯಾಲೆರಿ ಫ್ಯಾರಿಸ್. ಅಷ್ಟು ಹೊತ್ತಿಗೆ ಕಂಪ್ಯೂಟರ್ ಡೈನೋಸಾರ್‌ಗಳು ತೆರೆ ಮೇಲೆ ಓಡಾಡಿ ಮೂರು ವರ್ಷವಾಗಿತ್ತು. ಇವರು ಮಾತ್ರ ನಾಟಕದ ಹಾಗೆ ಬಣ್ಣ ಬಳಿದ ಪರದೆ ಕಟ್ಟಿ, ಬೇಕಂತಲೇ ಹಳೇ ಟ್ರಿಕ್ಕುಗಳಲ್ಲೇ ಶೂಟ್ ಮಾಡಿದರು. ಒಂದು ಜೋಡಿ ಆಕಾಶನೌಕೆ ಹತ್ತಿ ಹೊರಟು, ಛತ್ರಿ ಬಿಚ್ಚಿಕೊಂಡು ಚಂದ್ರನ ಮೇಲೆ ಇಳಿಯುತ್ತದೆ, ಜೀವಿಗಳು ಮುತ್ತಿಕೊಳ್ಳುತ್ತವೆ, ಮತ್ತೆ ಅದೇ ಛತ್ರಿ ಏಟು, ಅದೇ ಹೊಗೆ.

ತಮಾಷೆ ಏನೆಂದರೆ, ಇವರಿಗೆ ಆ ಕಾಲದ ಬಟ್ಟೆಬರೆಯೇ ಸಿಗಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಬಾಡಿಗೆಗಿದ್ದದ್ದನ್ನೆಲ್ಲ ಹೆಚ್ಚುಕಮ್ಮಿ ‘ಟೈಟಾನಿಕ್’ ತಂಡದವರು ಎತ್ತಿಕೊಂಡು ಹೋಗಿದ್ದರು. ಹಡಗು ಬಟ್ಟೆಗಳನ್ನೂ ಮುಳುಗಿಸಿತು ಅನ್ನಿ. ಇನ್ನೊಂದು: ಆ ಜೋಡಿಯ ಗಂಡಸು ಟಾಮ್ ಕೆನ್ನಿ, ಮುಂದೆ ಸಮುದ್ರದ ತಳದಲ್ಲಿ ಬದುಕುವ ಕಾರ್ಟೂನ್ ಪಾತ್ರ ಸ್ಪಾಂಜ್‌ಬಾಬ್‌ಗೆ ದನಿ ಕೊಟ್ಟವರು. ಈ ವಿಡಿಯೋದಲ್ಲೂ ಸಮುದ್ರದ ತಳಕ್ಕೆ ಹೋಗುತ್ತಾರೆ! ಆಗಲೇ ಟ್ರೈನಿಂಗ್ ಶುರುವಾಗಿತ್ತೇನೋ.

ಸಮುದ್ರದ ತಳದಿಂದ ಮೇಲೆ ಬಂದ ಜೋಡಿಯನ್ನು ಕೊನೆಗೆ ಒಂದು ಹಡಗು ಕಾಪಾಡುತ್ತದೆ. ಅದರ ಹೆಸರು ನೋಡಿ.

[ಫ್ರೇಮ್ ನಿಲ್ಲಿಸಿ. ಜೂಮ್.]

ಎಸ್.ಎಸ್. ಮೆಲಿಯೆಸ್.

ಇದು ಯಾಕೆ ಮುಖ್ಯ ಅಂದರೆ, ಮೆಲಿಯೆಸ್‌ರ ಆ ಚಂದ್ರನ ಸಿನಿಮಾವನ್ನು ಅದರ ಕಾಲದಲ್ಲಿ ಅಮೆರಿಕದಲ್ಲಿ ಹಾಡಹಗಲೇ ಕದ್ದಿದ್ದರು. ಎಡಿಸನ್ ಕಂಪನಿಯೂ ಕಾಪಿ ಮಾಡಿ ಮಾರಿತು. ಲುಬಿನ್ ಎಂಬಾತ ಹೆಸರನ್ನೇ ಬದಲಾಯಿಸಿ ‘ಎ ಟ್ರಿಪ್ ಟು ಮಾರ್ಸ್’ ಮಾಡಿಬಿಟ್ಟ. ಚಂದ್ರ ಚಂದ್ರನ ಹಾಗೇ ಇದ್ದಾನೆ, ಬೋರ್ಡ್ ಮಾತ್ರ ಮಂಗಳ! ಕಾಟ ತಡೆಯಲಾರದೆ ಮೆಲಿಯೆಸ್ 1903ರಲ್ಲಿ ತಮ್ಮ ಅಣ್ಣನನ್ನು ನ್ಯೂಯಾರ್ಕ್‌ಗೆ ಕಳಿಸಿ ಆಫೀಸ್ ತೆರೆಸಿದರು. ಕಂಪನಿಯ ನಕ್ಷತ್ರದ ಗುರುತನ್ನು ಸೆಟ್ಟಿನೊಳಗೇ ಇಡತೊಡಗಿದರು. ಅದಕ್ಕೂ ಮದ್ದು ಕಂಡುಹಿಡಿದರು ಕಳ್ಳರು. ಲುಬಿನ್ ಹತ್ತಿರ ಕೆಲಸಕ್ಕಿದ್ದ ಫ್ರೆಡ್ ಬಾಲ್‌ಶೋಫರ್, ಆ ಗುರುತನ್ನು ಮುಚ್ಚಿಹಾಕುವುದು ತನ್ನ ಕೆಲಸವಾಗಿತ್ತು ಅಂತ ಆಮೇಲೆ ತಾನೇ ಹೇಳಿಕೊಂಡಿದ್ದಾನೆ. ಮೆಲಿಯೆಸ್ ಕೊನೆಗೆ ದಿವಾಳಿಯಾಗಿ, ಪ್ಯಾರಿಸ್‌ನ ರೈಲ್ವೆ ಸ್ಟೇಷನ್ನಿನಲ್ಲಿ ಆಟಿಕೆ ಮಾರುತ್ತಾ ಕೂತರು.

ಒಬ್ಬರು ಹೆಸರು ಅಳಿಸಲು ಆಳಿಟ್ಟರು. ಇನ್ನೊಬ್ಬರು ಅದೇ ಹೆಸರನ್ನು ಹಡಗಿನ ಮೇಲೆ ಬರೆಸಿದರು. ಪ್ರಶ್ನೆ ಕೇಳಿದವರೇ, ನನಗೆ ಸಿಕ್ಕ ಉತ್ತರ ಇದು.

ಅಯ್ಯೋ, ಟೈಮ್ ಆಗಲೇ ಇಷ್ಟಾಯಿತಾ. ಎಡಿಟರ್ ಮುಖ ಗಂಟಿಕ್ಕಿದ್ದಾರೆ. ಉಳಿದವನ್ನು ಒಟ್ಟಿಗೆ ಸುರಿಯುತ್ತೇನೆ. 1927ರ ‘ಮೆಟ್ರೊಪೊಲಿಸ್’, ಒಂದು ದೈತ್ಯ ಯಂತ್ರನಗರಿಯ ಸಿನಿಮಾ: ಕ್ವೀನ್ ಬ್ಯಾಂಡ್ 1984ರ ‘ರೇಡಿಯೋ ಗಾ ಗಾ’ದಲ್ಲಿ ಆ ಸಿನಿಮಾದ ತುಣುಕುಗಳನ್ನೇ ಸೇರಿಸಿತು. 1989ರಲ್ಲಿ ಡೇವಿಡ್ ಫಿಂಚರ್ ಮಡೋನಾಗಾಗಿ ಅಂಥದೇ ಊರನ್ನು ಹೊಸದಾಗಿ ಕಟ್ಟಿದರು. ಮೈಕಲ್ ಜಾಕ್ಸನ್ ‘ಸ್ಮೂತ್ ಕ್ರಿಮಿನಲ್’ನ ಬಿಳಿ ಸೂಟು, ಟೋಪಿ? 1953ರ ‘ದ ಬ್ಯಾಂಡ್ ವ್ಯಾಗನ್’ನಲ್ಲಿ ಫ್ರೆಡ್ ಆಸ್ಟೇರ್ ಹಾಕಿದ್ದು. ಮುಂದಕ್ಕೆ ಬಾಗುವ ಆ ಟ್ರಿಕ್ ಬಗ್ಗೆ ಬೇರೆ ವಿಡಿಯೋನೇ ಬೇಕು.

ಬಿಯಾನ್ಸೆ ಬಗ್ಗೆ ಹೇಳದೆ ಮುಗಿಸಲಾರೆ. 2008ರ ‘ಸಿಂಗಲ್ ಲೇಡೀಸ್’ ಕುಣಿತ ಬಾಬ್ ಫಾಸಿ 1969ರಲ್ಲಿ ಟೀವಿಗೆ ಮಾಡಿದ ಡ್ಯಾನ್ಸ್‌ನಿಂದ ಬಂದದ್ದು. ಅದನ್ನು ಬಿಯಾನ್ಸೆಯೇ ಸಂದರ್ಶನಗಳಲ್ಲಿ ಖುಷಿಯಿಂದ ಹೇಳಿಕೊಂಡರು, ಯಾರಿಗೂ ಜಾಸ್ತಿ ಬೇಜಾರಾಗಲಿಲ್ಲ. 2011ರ ‘ಕೌಂಟ್‌ಡೌನ್’ನಲ್ಲಿ ಹಾಗಾಗಲಿಲ್ಲ. ಬೆಲ್ಜಿಯಂನ ಆನ್ ತೆರೆಸಾ ದ ಕೀರ್ಸ್‌ಮಾಕರ್ 1983ರಲ್ಲಿ ಕಟ್ಟಿದ ‘ರೋಸಸ್ ದಾನ್ಸ್ಟ್ ರೋಸಸ್’ ಎಂಬ ಕುಣಿತ, 1997ರಲ್ಲಿ ಸಿನಿಮಾ ಕೂಡ ಆಗಿತ್ತು. ಭುಜದಿಂದ ಬಟ್ಟೆ ಜಾರಿಸಿ ಮತ್ತೆ ಏರಿಸಿಕೊಳ್ಳುವ ಅದರ ಸಣ್ಣ ಚಲನೆ ಕೂಡ ಬಿಯಾನ್ಸೆಯ ವಿಡಿಯೋದಲ್ಲಿ ಬಂದಿತ್ತು. ಕೀರ್ಸ್‌ಮಾಕರ್ ಬಹಿರಂಗವಾಗಿ ಆಕ್ಷೇಪಿಸಿದರು. ಆಮೇಲೆ ಬಿಯಾನ್ಸೆ, ಹೌದು, ಅದೂ ಒಂದು ಸ್ಫೂರ್ತಿ ಅಂದರು. ಆಮೇಲೆ! ಹಡಗು ಬಂದರು ಸೇರಿದ ಮೇಲೆ ಹೆಸರು ಬರೆದ ಹಾಗೆ.

ಆದರೆ 2013ರಲ್ಲಿ ಅದೇ ಕೀರ್ಸ್‌ಮಾಕರ್ ತಂಡ ಏನು ಮಾಡಿತು ಅಂದರೆ, ಆ ಕುಣಿತದ ಹೆಜ್ಜೆಗಳನ್ನು ಆನ್‌ಲೈನ್‌ನಲ್ಲಿ ತಾವೇ ಕಲಿಸಿಕೊಟ್ಟು, ಕಲಿತು ನಿಮ್ಮದೇ ವಿಡಿಯೋ ಮಾಡಿ ಕಳಿಸಿ ಎಂದು ಎಲ್ಲರನ್ನೂ ಕರೆಯಿತು. ಬೇಕಾಗಿರುವುದು ಒಂದು ಕುರ್ಚಿ ಅಷ್ಟೇ. ನಾನೂ ಸುಮ್ನೆ ಟ್ರೈ ಮಾಡಿದೆ. ಎರಡನೇ ಹೆಜ್ಜೆಗೇ ಕುರ್ಚಿ ಸಮೇತ ಮಗುಚಿಕೊಂಡೆ. ಆ ಕ್ಲಿಪ್ ಎಡಿಟರ್ ಹತ್ತಿರ ಇದೆ, ಅದಕ್ಕೇ ಅವರು ಹೇಳಿದ ಟೈಮಿಗೆ ಸರಿಯಾಗಿ ನಿಲ್ಲಿಸುತ್ತಿದ್ದೇನೆ.