ದಾರಿ ಮೊದಲು, ಪಾಲು ಆಮೇಲೆ

ನಮಸ್ಕಾರ. ಇವತ್ತಿನ ಮಾತು ಒಂದು ಹಗ್ಗದಿಂದ ಶುರು.

ಅದು ನಮ್ಮ ಮನೆ ಬಾವಿಯ ಹಗ್ಗ. 1994ರಲ್ಲಿ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರೂ ಅದೇ ಹಗ್ಗ ಹಿಡಿದು ತಿಪಟೂರು ಕಡೆಯ ನಮ್ಮ ತೆಂಗಿನ ತೋಟವನ್ನು ಮೂರು ಪಾಲು ಮಾಡಿಕೊಂಡರು. ಊರಿನ ನಾಲ್ಕು ಜನ ಹಿರಿಯರು ಬದುವಿನ ಮೇಲೆ ಕೂತಿದ್ದರು. ಹಗ್ಗ ಮುಗಿದಲ್ಲಿ ಗೂಟ, ಗೂಟ ಹೊಡೆದಲ್ಲಿ ಗಡಿ. ಗೂಟಗಳನ್ನು ಹೊತ್ತುಕೊಂಡು ಅವರ ಹಿಂದೆ ಓಡುವ ಕೆಲಸ ನನ್ನದು. ಸಂಜೆ ಛಾಪಾ ಕಾಗದದ ಮೇಲೆ ಪಾಲುಪಟ್ಟಿ ಬರೆದು, ಎಲ್ಲರೂ ಸಹಿ ಹಾಕಿ, ಪಾಯಸದ ಊಟ ಮಾಡಿ ಎದ್ದರು.

ಸರ್ವೆಯವರನ್ನು ಯಾಕೆ ಕರೆಸಲಿಲ್ಲ ಅಂತ ಮೊನ್ನೆ ಅಪ್ಪನನ್ನು ಕೇಳಿದೆ. "ಅಣ್ಣತಮ್ಮಂದಿರ ಮಧ್ಯೆ ಚೈನು ಎಳೆಸೋದಾ? ಊರವರು ಏನಂದಾರು?" ಅಂದರು.

ನನ್ನ ತಕರಾರು ಇರುವುದೇ ಈ ಮಾತಿನ ಮೇಲೆ. ಸರ್ವೆ ಅಂದರೆ ಜಗಳ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಜಗಳ ಆದ ಮೇಲೇ ಕರೆಯುತ್ತೇವೆ, ಹಾಗಾಗಿ ಅವರು ಬಂದ ಕಡೆಯೆಲ್ಲ ಜಗಳ ಕಾಣುತ್ತದೆ. ವಕೀಲರಿಗೆ ವರ್ಷಗಟ್ಟಲೆ ಫೀಸು ಕೊಡೋಕೆ ತಯಾರಿರುವ ಮನೆತನ, ಪಾಲು ಮಾಡುವ ಮೊದಲು ಒಂದು ದಿನದ ಅಳತೆಗೆ ದುಡ್ಡು ಬಿಚ್ಚಲ್ಲ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಕಳೆದು ನಮ್ಮ ತೋಟ 4 ಎಕರೆ 20 ಗುಂಟೆ. ರಸ್ತೆ ಬದಿಯಲ್ಲಿ 297 ಅಡಿ, ಒಳಕ್ಕೆ 660 ಅಡಿ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ. ನಮ್ಮ ಕಡೆಯ ಹಳೇ ಸರ್ವೆ ಚೈನೂ 33 ಅಡಿಯದ್ದೇ. ಅಂದರೆ 9 ಚೈನು ಅಗಲ, 20 ಚೈನು ಉದ್ದ, ಒಟ್ಟು 180 ಗುಂಟೆ. ತಲೆಗೆ 60.

ಉದ್ದುದ್ದ ಸೀಳಿದ್ದರೆ ಒಬ್ಬೊಬ್ಬರಿಗೆ 99 ಅಡಿ ಅಗಲದ ಪಟ್ಟಿ, ಅದರಲ್ಲಿ ತೆಂಗು ಮೂರು ಸಾಲು. ನಮ್ಮವರಿಗೆ ಅದು ಹಿಡಿಸಲಿಲ್ಲ. ಅಡ್ಡ ಕತ್ತರಿಸಿದರು. ಮುಂದಿನದು ದೊಡ್ಡಪ್ಪನಿಗೆ, ನಡುವಿನದು ಚಿಕ್ಕಪ್ಪನಿಗೆ, ಹಿಂದಿನದು ಅಪ್ಪನಿಗೆ. ಹಿಂದೆ ಹಳ್ಳ ಇದೆ, ಮಣ್ಣು ಚೆನ್ನಾಗಿದೆ ಅಂತ ಅಪ್ಪ ಖುಷಿಯಿಂದಲೇ ಒಪ್ಪಿದರು.

ದಾರಿ? "ನನ್ನ ಪಾಲಿನ ಮೇಲೇ ಗಾಡಿ ಹೊಡ್ಕೊಂಡು ಹೋಗ್ರಪ್ಪ, ಯಾರು ಬೇಡ ಅಂತಾರೆ" ಅಂದರು ದೊಡ್ಡಪ್ಪ. ಪುಣ್ಯಾತ್ಮ, ಸಾಯುವ ತನಕ ಆ ಮಾತು ನಡೆಸಿದರು. ಆದರೆ ಮಾತು ಪಹಣಿಗೆ ಏರಲ್ಲ ಅಲ್ವಾ?

2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಅಂತಾಯಿತು. ಅದಾದ ಸ್ವಲ್ಪ ದಿನಕ್ಕೆ ದೊಡ್ಡಪ್ಪನ ಮಕ್ಕಳು ಮುಂದಿನ ಪಾಲನ್ನು ಬೆಂಗಳೂರಿನವರೊಬ್ಬರಿಗೆ ಮಾರಿದರು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರಬೇಕಾದರೆ 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಬರೆದ ನಕ್ಷೆ, ಬೇಕೇ ಬೇಕು. ಅದನ್ನೂ ಮಾಡಿಸಿದರು. ಅಳತೆಯ ದಿನ ನಮ್ಮ ಅಪ್ಪನಿಗೂ ನೋಟಿಸ್ ಬಂದಿತ್ತು. ಹೋದರು, ಚೈನು ಎಳೆಯೋದು ನೋಡಿದರು, ಕಾಫಿ ಕುಡಿದರು, ಸಹಿ ಹಾಕಿ ಬಂದರು. ದಾರಿಯ ವಿಷಯ ಬಾಯಿ ಬಿಡಲಿಲ್ಲ. ಸಂಕೋಚ!

ನಕ್ಷೆಯಲ್ಲಿ ದಾರಿ ಇಲ್ಲ. ಕ್ರಯಪತ್ರದಲ್ಲೂ ಇಲ್ಲ. ಕೊಂಡವರು ಬೇಲಿ ಹಾಕಿದರು. ನನಗೆ ಅವರ ಮೇಲೆ ಸಿಟ್ಟಿಲ್ಲ. ಅವರ ಕಾಗದ ಸರಿ ಇತ್ತು, ನಮ್ಮ ಹತ್ತಿರ ಕಾಗದವೇ ಇರಲಿಲ್ಲ.

ಎರಡು ವರ್ಷ ನಮ್ಮ ತೆಂಗಿನಕಾಯಿ ಪಕ್ಕದವರ ಬದುವಿನ ಮೇಲೆ ತಲೆಹೊರೆಯಲ್ಲಿ ಹೊರಗೆ ಬಂತು. ಅಪ್ಪ ನಡುಗಟ್ಟಿ ಚೀಲ ಎತ್ತುವುದನ್ನು ನೋಡುತ್ತಾ ಒಂದು ದಿನ ಲೆಕ್ಕ ಹಾಕಿದೆ. 1994ರಲ್ಲಿ ಒಂದು ಪಕ್ಕಕ್ಕೆ 12 ಅಡಿ ದಾರಿ ಬಿಟ್ಟಿದ್ದರೆ? ಹಿಂದಿನ ಪಾಲು ಮುಟ್ಟಲು 440 ಅಡಿ ಉದ್ದ ಸಾಕಿತ್ತು. 5,280 ಚದರ ಅಡಿ, 5 ಗುಂಟೆಗೂ ಕಡಿಮೆ. ತಲೆಗೆ ಒಂದು ಮುಕ್ಕಾಲು ಗುಂಟೆ ಕೂಡ ಬರುತ್ತಿರಲಿಲ್ಲ! ಕೊನೆಗೆ ಚಿಕ್ಕಪ್ಪ ತಮ್ಮ ಭಾಗದ ದಾರಿ ಸುಮ್ನೆ ಬಿಟ್ಟುಕೊಟ್ಟರು. ಮುಂದಿನ ಎರಡೂವರೆ ಗುಂಟೆಗೆ ಸೈಟಿನ ರೇಟು ಕೊಟ್ಟು ಕೊಂಡೆವು.

ಹಾಗಾಗಿ ನಾನು ಹೇಳೋದು ಇಷ್ಟೆ: ಸಮಪಾಲು ಅಂದರೆ ಸಮ ಗುಂಟೆ ಅಲ್ಲ. ಮೊದಲು ದಾರಿ ತೆಗೆದಿಡಿ, ನೀರು ತೆಗೆದಿಡಿ, ಉಳಿದದ್ದನ್ನು ಹಂಚಿ. ಬಾವಿ ಯಾರ ಪಾಲಿಗೆ ಬಿದ್ದರೂ ಉಳಿದವರ ಸರದಿ ಯಾವ ದಿನ, ಪೈಪು ಯಾರ ಬದುವಿನಲ್ಲಿ ಹೋಗಬೇಕು, ಪಂಪ್‌ಸೆಟ್ಟಿನ ಕರೆಂಟ್ ಸಂಪರ್ಕದ ಆರ್.ಆರ್. ನಂಬರ್ ಯಾರ ಹೆಸರಲ್ಲಿದೆ, ಇದೆಲ್ಲ ವಿಭಾಗ ಪತ್ರದಲ್ಲಿ ಬರಲಿ. ದಾರಿಯ ಅಗಲ ಅಡಿಯಲ್ಲಿ ಬರೆಸಿ. 'ರೂಢಿಯಂತೆ ಓಡಾಡತಕ್ಕದ್ದು' ಅಂತ ಬರೆಸಿದರೆ ಮೊಮ್ಮಕ್ಕಳ ಕಾಲಕ್ಕೆ ಯಾವ ರೂಢಿ ಅಂತ ಕೇಳುತ್ತಾರೆ.

ಸರ್ವೆಯರ್ ಇದನ್ನೆಲ್ಲ ನಿಮಗೆ ತೀರ್ಮಾನ ಮಾಡಿಕೊಡಲ್ಲ. ನೀವು ತೋರಿಸಿದ ಗೆರೆ ಅಳೆಯೋದು ಅವರ ಕೆಲಸ. ಆದರೆ ಅನುಭವ ಇರುವ ಲೈಸೆನ್ಸ್ ಸರ್ವೆಯರ್ ಜೊತೆ ಮೊದಲೇ ಒಂದು ಸಲ ಹೊಲ ಸುತ್ತಿ ನೋಡಿ, ನಿಮ್ಮ ಕಣ್ಣಿಗೆ ಕಾಣದ್ದು ಅವರಿಗೆ ಕಾಣುತ್ತದೆ. ನಮ್ಮಲ್ಲಿ ಬಂದವರು ಕಾರಿನ ಬಾನೆಟ್ ಮೇಲೆ ಗ್ರಾಮ ನಕ್ಷೆ ಹಾಸಿದರು. ಜೋಡಿ ಚುಕ್ಕೆ ಗೆರೆ ಅಂದರೆ ಬಂಡಿದಾರಿ, ಒಂಟಿ ಚುಕ್ಕೆ ಗೆರೆ ಅಂದರೆ ಕಾಲುದಾರಿ. ಹೊಲದ ಹಿಂದುಗಡೆ ಹಳ್ಳದ ಪಕ್ಕದಲ್ಲೇ ಒಂದು ಒಂಟಿ ಚುಕ್ಕೆ ಗೆರೆ. ನಾವು ಮೂವತ್ತು ವರ್ಷ ಅದನ್ನು ಲಂಟಾನ ಪೊದೆ ಅಂದುಕೊಂಡಿದ್ದೆವು. ಟ್ರ್ಯಾಕ್ಟರ್ ಹೋಗುವ ದಾರಿ ಅಲ್ಲ, ಆದರೂ ಮೊದಲೇ ಗೊತ್ತಿದ್ದರೆ!

ಖರಾಬಿನ ವಿಷಯವೂ ಹೀಗೆಯೇ. ಪಹಣಿಯ ಒಟ್ಟು ವಿಸ್ತೀರ್ಣ ನೋಡಿ ಹಂಚಿಕೊಳ್ಳುತ್ತಾರೆ. ಅದರಲ್ಲಿ ಹಳ್ಳ, ದಾರಿಯಂಥ ಸಾರ್ವಜನಿಕ ಜಾಗದ ಬ ಖರಾಬು ಸೇರಿದೆ, ಅದು ಯಾರ ಪಾಲಿಗೂ ಬರಲ್ಲ ಅನ್ನೋದು ಸರ್ವೆ ನಂಬರ್ ಒಡೆಸಲು ಪೋಡಿಗೆ ಹೋದಾಗ ಗೊತ್ತಾಗುತ್ತದೆ. ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರಬಂದಿಗೂ ಪಹಣಿಗೂ ತಾಳೆ ಆಗಲ್ಲ, ಕಡತ ಅಲ್ಲೇ ನಿಲ್ಲುತ್ತದೆ.

ಹೆಸರುಗಳಲ್ಲೂ ಗೊಂದಲ ಇದೆ. 11ಇ ಅನ್ನೋದು ನೋಂದಣಿಗೆ ಮೊದಲು ಮಾಡಿಸುವ ನಕ್ಷೆ. ಪೋಡಿ ಅಂದರೆ ಒಂದು ಸರ್ವೆ ನಂಬರನ್ನು ಒಡೆದು ಪ್ರತಿ ಪಾಲಿಗೂ ಹಿಸ್ಸಾ ನಂಬರ್ ಕೊಡೋದು. ಹದ್ದುಬಸ್ತು ಅಂದರೆ ಇರುವ ಗಡಿಯನ್ನು ಗುರುತಿಸಿ ತೋರಿಸೋದು. ಗಡಿ ಜಗಳಕ್ಕೆ ಪೋಡಿ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾದವರನ್ನು ನಾನು ನೋಡಿದ್ದೇನೆ.

ಹೌದು, ಕಾಯಬೇಕಾಗುತ್ತದೆ. ಕೈಬಿಸಿ ಮಾಡೋದೂ ಇದೆ, ಇಲ್ಲ ಅಂತ ಹೇಳಿದರೆ ನೀವೇ ನಗುತ್ತೀರಿ. ಈಗ ಚೈನಿನ ಬದಲು ಉಪಗ್ರಹದ ನೆರವಿನಿಂದ ಅಳೆಯುವ ರೋವರ್ ಬರುತ್ತಿದೆ, ಅಳತೆ ಬೇಗ ಮುಗಿಯುತ್ತದೆ. ಆದರೆ ಯಾವ ರೋವರ್ ಕೂಡ ನಿಮ್ಮ ಮನೆಯ ಒಪ್ಪಂದವನ್ನು ಅಳೆಯಲ್ಲ.

ಇನ್ನು ಹೊಲ ಕತ್ತರಿಸಿ 'ಫಾರ್ಮ್ ಪ್ಲಾಟ್' ಮಾರುವವರ ವಿಷಯ. ಬ್ರೋಷರಿನಲ್ಲಿ 30 ಅಡಿ ರಸ್ತೆ ಇರುತ್ತದೆ. ಆ ರಸ್ತೆ 11ಇ ನಕ್ಷೆಯಲ್ಲಿ ಇದೆಯಾ, ಅದು ಯಾರ ಹೆಸರಲ್ಲಿದೆ ಅಂತ ಕೇಳಿ ನೋಡಿ. ಮನೆ ಕಟ್ಟುವ ಆಸೆ ಇದ್ದರೆ ಭೂ ಪರಿವರ್ತನೆ ಆಗಿದೆಯಾ ಅಂತಲೂ ಕೇಳಿ. ಆಮೇಲೆ ಅವರು ನಿಮಗೆ ಜ್ಯೂಸ್ ಕೊಡೋದು ನಿಲ್ಲಿಸಿದರೆ ನನ್ನನ್ನು ಬೈಬೇಡಿ.

ಒಂದು ವಿಷಯ ಮರೆತಿದ್ದೆ. ಅತ್ತೆ, ಅಂದರೆ ಅಪ್ಪನ ಒಡಹುಟ್ಟಿದವರು. 1994ರ ಪಾಲುಪಟ್ಟಿಯಲ್ಲಿ ಅವರ ಹೆಸರೂ ಇಲ್ಲ, ಸಹಿಯೂ ಇಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿ ಆದ ವಿಭಾಗವನ್ನು ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮುಟ್ಟಲ್ಲ. ನಮ್ಮದು ನೋಂದಣಿಯೇ ಆಗಿರಲಿಲ್ಲವಲ್ಲ. ದಾರಿ ಕೊಳ್ಳುವಾಗ ವಕೀಲರು ಇದನ್ನು ಎತ್ತಿದರು. ಅಪ್ಪ ಅತ್ತೆ ಮನೆಗೆ ಹೋಗಿ ಮಾತಾಡಿ ಬಂದರು. ಏನು ಮಾತಾಯಿತು ಅಂತ ಇಬ್ಬರೂ ಹೇಳಲ್ಲ. ಅತ್ತೆ ಸಹಿ ಹಾಕಲು ಬಂದಾಗ ಹೇಳಿದ್ದು ಒಂದೇ ಮಾತು: "ಅವತ್ತೂ ಕರೆದಿದ್ದರೆ ಬರುತ್ತಿದ್ದೆ."

ಈಗ ಅಪ್ಪನ 1 ಎಕರೆ 20 ಗುಂಟೆಯಲ್ಲಿ ನಾನು, ನನ್ನ ತಂಗಿ ಪಾಲು ಮಾಡಿಕೊಳ್ಳುತ್ತಿದ್ದೇವೆ. ಮಂಗಳವಾರ ಅಳತೆ. ತಂಗಿ ಹಿಂದಿನ ದಿನವೇ ಬರುತ್ತಾಳೆ, ದಾರಿ ಎಲ್ಲಿ ಅಂತ ಅವಳೇ ಗೆರೆ ಎಳೆದು ವಾಟ್ಸಾಪ್‌ನಲ್ಲಿ ಕಳಿಸಿದ್ದಾಳೆ. ಅವಳ ಗೆರೆ ನನ್ನ ಹಲಸಿನ ಮರದ ಬುಡಕ್ಕೇ ಬಂದಿದೆ, ಅದರ ಬಗ್ಗೆ ಸ್ವಲ್ಪ ಮಾತಾಗಬೇಕು. ನಾನು ಭಾನುವಾರ ಊರಿಗೆ ಹೋಗಿ ಮೂಲೆಯ ಗಡಿ ಗುರುತಿನ ಬಾಂದು ಕಲ್ಲಿನ ಸುತ್ತ ಪೊದೆ ಸವರಬೇಕು. ಅಪ್ಪ ಬಾವಿ ಹಗ್ಗ ತೆಗೆದಿಡಲಾ ಅಂತ ಫೋನಿನಲ್ಲಿ ಕೇಳಿ, ತಾವೇ ನಕ್ಕರು.