ಭಾರ ಯಾವ ದಾರಿ ಹಿಡಿಯುತ್ತದೆ?

ಅಧ್ಯಕ್ಷರಿಗೆ, ಸಂಘದ ಪದಾಧಿಕಾರಿಗಳಿಗೆ, ಮುಂಬಯಿಯ ಈ ಸೆಕೆಯಲ್ಲೂ ಲೋಕಲ್ ಹಿಡಿದು ಮಾಟುಂಗದವರೆಗೆ ಬಂದಿರುವ ಎಲ್ಲರಿಗೂ ನಮಸ್ಕಾರ.

ವಿಮಾನ ಎಂಜಿನಿಯರಿಂಗ್ ಓದುವವರಿಗೆ ಸಾಲಿಡ್ ಮೆಕ್ಯಾನಿಕ್ಸ್, ಅಂದರೆ ಗಟ್ಟಿ ವಸ್ತುಗಳು ಹೊರೆಯನ್ನು ಹೇಗೆ ತಡೆಯುತ್ತವೆ ಎಂಬ ವಿದ್ಯೆ, ಕಲಿಸುವುದರ ಬಗ್ಗೆ ಮಾತನಾಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ, ಅರ್ಧ ಉಪನ್ಯಾಸದಲ್ಲೇ ಸಭಾಂಗಣ ಖಾಲಿಯಾದೀತು ಎಂದು ಎಚ್ಚರಿಸಿದ್ದೆ. ಅವರು ಜಗ್ಗಲಿಲ್ಲ. ಹಾಗಾಗಿ ಸಮೀಕರಣಗಳನ್ನು ಮನೆಯಲ್ಲೇ ಬಿಟ್ಟು, ಕೆಲವು ಅಂಕಿಗಳನ್ನೂ ಎರಡು ಪ್ಲಾಸ್ಟಿಕ್ ಪೈಪುಗಳನ್ನೂ ಮಾತ್ರ ತಂದಿದ್ದೇನೆ.

ನಮ್ಮಲ್ಲಿಗೆ ಬರುವ ಹುಡುಗ ಹುಡುಗಿಯರಿಗೆ ವಿಮಾನ ಹೇಗೆ ಹಾರುತ್ತದೆ ಎಂದು ತಿಳಿಯುವ ಹಂಬಲ ಇರುತ್ತದೆ. ಅದು ಮುರಿಯದೆ ಹೇಗೆ ಉಳಿಯುತ್ತದೆ ಎಂಬುದರಲ್ಲಿ ಅಂಥ ಹಂಬಲ ಕಾಣಿಸುವುದಿಲ್ಲ. ತಪ್ಪು ಅವರದಲ್ಲ, ನಮ್ಮ ಪಾಠಕ್ರಮದ್ದು. ಈ ವಿಷಯವನ್ನು ನಾವು ಸಿವಿಲ್ ಮತ್ತು ಮೆಕ್ಯಾನಿಕಲ್ ವಿಭಾಗಗಳಿಂದ ಕಡ ತಂದು, ಅವರ ಉದಾಹರಣೆಗಳ ಸಮೇತ ಬಡಿಸುತ್ತೇವೆ. ಗಟ್ಟಿ ಕಂಬಿ, ಆಯತಾಕಾರದ ತೊಲೆ, ಎರಡು ತುದಿಗೆ ಎರಡು ಆಧಾರ. ಕಟ್ಟಡ ಕಟ್ಟುವವನಿಗೆ ಅನುಮಾನ ಬಂದರೆ ಇನ್ನೆರಡು ಸರಳು ಹಾಕಬಹುದು. ಹೆಚ್ಚೆಂದರೆ ಮಾಲೀಕ ಗೊಣಗುತ್ತಾನೆ. ವಿಮಾನದಲ್ಲಿ ಹೆಚ್ಚುವರಿಯಾಗಿ ಹಾಕಿದ ಒಂದು ಕಿಲೋವನ್ನು ಆ ವಿಮಾನ ಆಯುಷ್ಯವಿಡೀ ಹೊತ್ತು ಹಾರಬೇಕು. ಸೇವೆಯಲ್ಲಿ ಎದುರಾಗಬಹುದಾದ ಗರಿಷ್ಠ ಹೊರೆಯ ಒಂದೂವರೆ ಪಟ್ಟು ತಡೆದರೆ ಸಾಕೆಂಬ ನಿಯಮವಿದೆ. ಇಷ್ಟು ಬಿಗಿಯಾದ ಲೆಕ್ಕದಲ್ಲಿ ‘ಎಷ್ಟು ಲೋಹ ಹಾಕೋಣ’ ಎನ್ನುವುದಕ್ಕಿಂತ ಮೊದಲು ‘ಭಾರ ಯಾವ ದಾರಿಯಲ್ಲಿ ಹೋಗುತ್ತದೆ’ ಎಂದು ಕೇಳಬೇಕಾಗುತ್ತದೆ. ನನ್ನ ಮಟ್ಟಿಗೆ ವಿಮಾನದ ವಿದ್ಯಾರ್ಥಿಗೆ ಸಾಲಿಡ್ ಮೆಕ್ಯಾನಿಕ್ಸ್ ಎಂದರೆ ಆ ಪ್ರಶ್ನೆಯೇ.

ರೆಕ್ಕೆಯನ್ನು ತೆಗೆದುಕೊಳ್ಳಿ. ಗಾಳಿ ಅದರ ತೆಳು ಹೊದಿಕೆಯನ್ನು ಮೇಲಕ್ಕೆ ಸೆಳೆಯುತ್ತದೆ. ಹೊದಿಕೆ ಆ ಬಲವನ್ನು ರಿಬ್‌ಗಳೆಂಬ ಅಡ್ಡ ಪಕ್ಕೆಲುಬುಗಳಿಗೆ ಕೊಡುತ್ತದೆ, ರಿಬ್‌ಗಳು ಉದ್ದಕ್ಕೆ ಓಡುವ ಸ್ಪಾರ್‌ಗಳೆಂಬ ತೊಲೆಗಳಿಗೆ ದಾಟಿಸುತ್ತವೆ, ಸ್ಪಾರ್‌ಗಳು ಬುಡದಲ್ಲಿ ವಿಮಾನದ ಒಡಲಿಗೆ ಒಪ್ಪಿಸುತ್ತವೆ. ರೆಕ್ಕೆ ಮೇಲಕ್ಕೆ ಬಾಗಿದಾಗ ಮೇಲಿನ ಹೊದಿಕೆ ಅದುಮಲ್ಪಡುತ್ತದೆ, ಕೆಳಗಿನದು ಹಿಗ್ಗುತ್ತದೆ. ಮೌಖಿಕ ಪರೀಕ್ಷೆಯಲ್ಲಿ ನಾನು ಕೇಳುವ ಒಂದು ಪ್ರಶ್ನೆ ಇದು: ಒಂದು ಟನ್ ತೂಕವನ್ನು ಪ್ರಯಾಣಿಕರ ಕಡೆ ಇಟ್ಟರೆ ರೆಕ್ಕೆಯ ಬುಡಕ್ಕೆ ಹೆಚ್ಚು ಕಷ್ಟವೋ, ಇಂಧನವಾಗಿ ರೆಕ್ಕೆಯೊಳಗೇ ತುಂಬಿದರೆ ಹೆಚ್ಚು ಕಷ್ಟವೋ? ಬಹುಪಾಲು ಮಕ್ಕಳು ರೆಕ್ಕೆಯೊಳಗೆ ತುಂಬಿದರೆ ಎನ್ನುತ್ತಾರೆ. ಉತ್ತರ ತದ್ವಿರುದ್ಧ. ರೆಕ್ಕೆಯೊಳಗಿನ ಇಂಧನದ ತೂಕ ಅಲ್ಲಲ್ಲೇ ಕೆಳಕ್ಕೆ ಎಳೆದು ಮೇಲೆತ್ತುವ ಬಲದ ಒಂದಷ್ಟು ಭಾಗವನ್ನು ಸ್ಥಳದಲ್ಲೇ ತೀರಿಸಿಬಿಡುತ್ತದೆ; ಆ ಭಾಗ ಬುಡದವರೆಗೆ ಪ್ರಯಾಣ ಮಾಡುವುದೇ ಇಲ್ಲ. ಸೂತ್ರ ಬಾಯಿಪಾಠ ಮಾಡಿದವರು ಇಲ್ಲಿ ತಡವರಿಸುತ್ತಾರೆ, ಚಿತ್ರ ಬರೆದು ಬಾಣದ ಗುರುತು ಹಾಕಿದವರು ಪಾರಾಗುತ್ತಾರೆ.

ಈಗ ಪೈಪುಗಳು. ಲೋಹಾರ್ ಚಾಳದ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ, ಗೋಡೆಯೊಳಗೆ ವೈರ್ ಎಳೆಯುವ ಪೈಪು ಇದು. ಎರಡೂ ಒಂದೇ ಉದ್ದ, ಒಂದೇ ದಪ್ಪ. ಒಂದನ್ನು ಮಾತ್ರ ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ, ಒಂದೇ ಗೆರೆಯಲ್ಲಿ ಸೀಳಿದ್ದೇನೆ. ತೂಕದಲ್ಲಿ ಕಳೆದುಹೋದದ್ದು ಒಂದು ಚಿಟಿಕೆ ಪುಡಿ. ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರು ದಯವಿಟ್ಟು ಎರಡನ್ನೂ ಬಗ್ಗಿಸಿ ನೋಡಿ. ಅಂಥ ವ್ಯತ್ಯಾಸ ತಿಳಿಯುವುದಿಲ್ಲ. ಇನ್ನು ತಿರುಚಿ ನೋಡಿ. ಸೀಳದ ಪೈಪು ಜಪ್ಪಯ್ಯ ಎಂದರೂ ಕದಲುವುದಿಲ್ಲ. ಸೀಳಿದ್ದು ನಿಮ್ಮ ಎರಡು ಬೆರಳಿಗೇ ಸುಲಭವಾಗಿ ತಿರುಗಿತು, ಸೀಳಿನ ಎರಡು ಅಂಚುಗಳು ಒಂದರ ಪಕ್ಕ ಒಂದು ಜಾರಿದವು. ತೆಳು ಕೊಳವೆಯೊಂದರ ತ್ರಿಜ್ಯ ಅದರ ಗೋಡೆಯ ದಪ್ಪದ ಏಳು ಪಟ್ಟು ಇದ್ದರೆ, ಸೀಳಿದ ಮೇಲೆ ತಿರುಚುವಿಕೆಗೆ ಅದರ ಬಿಗಿತ ಸುಮಾರು 147ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮುಚ್ಚಿದ ಕೊಳವೆಯಲ್ಲಿ ಶಿಯರ್ ಬಲ, ಅಂದರೆ ಪಕ್ಕಪಕ್ಕದ ಪದರಗಳನ್ನು ಒಂದರ ಮೇಲೊಂದು ಜಾರಿಸಲು ನೋಡುವ ಬಲ, ಸುತ್ತಲೂ ಅಡೆತಡೆಯಿಲ್ಲದೆ ಹರಿಯುತ್ತದೆ. ಸೀಳಿದಾಗ ಆ ಸುತ್ತು ಕಡಿದುಹೋಗಿ, ಗೋಡೆಯ ದಪ್ಪದೊಳಗೇ ಹೋಗಿ ಅಲ್ಲೇ ಹಿಂದಿರುಗಬೇಕಾಗುತ್ತದೆ. ವಿಮಾನದ ಬಾಗಿಲು, ಚಕ್ರ ಮಡಚಿಕೊಳ್ಳುವ ಗೂಡು, ಎಲ್ಲವೂ ಇಂಥ ಸೀಳುಗಳೇ. ಪ್ರತಿಯೊಂದರ ಸುತ್ತಲೂ ದಪ್ಪ ಚೌಕಟ್ಟು ಯಾಕೆ ಎಂಬುದು ಈಗ ಯಾರೂ ಹೇಳದೆಯೇ ಗೊತ್ತಾಗುತ್ತದೆ. ಈ ಪೈಪನ್ನು ತರಗತಿಯಲ್ಲಿ ಒಂದು ಸುತ್ತು ಕಳಿಸಿದ ಮೇಲೆಯೇ ನಾನು ಕಪ್ಪುಹಲಗೆಯ ಕಡೆ ತಿರುಗುವುದು.

ಮುರಿಯದಿರುವ ಗಟ್ಟಿತನ ಬೇರೆ, ಬಾಗದಿರುವ ಬಿಗಿತ ಬೇರೆ. ಇದಕ್ಕೆ ನಮ್ಮ ಊರಿನದೇ ಉದಾಹರಣೆ ಇದೆ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಅಂಚೆ ಹೊತ್ತು ಜುಹುವಿನಲ್ಲಿ ಇಳಿದದ್ದು ಎಲ್ಲರಿಗೂ ಗೊತ್ತು. ಆ ವಿಮಾನ ಡಿ ಹ್ಯಾವಿಲೆಂಡ್ ಕಂಪನಿಯ ಪಸ್ ಮಾತ್. ಅದೇ ಮಾದರಿಯ ಹಲವು ವಿಮಾನಗಳು 1930ರಿಂದಾಚೆ ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಮೊದಲಾದೆಡೆ ಪ್ರಕ್ಷುಬ್ಧ ಗಾಳಿಯಲ್ಲಿ ರೆಕ್ಕೆ ಮುರಿದು ಬಿದ್ದಿದ್ದವು ಎಂಬುದನ್ನು ಜಯಂತಿ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಕೊನೆಗೆ ಕಂಡುಕೊಂಡ ಪರಿಹಾರ ಬಹಳ ಸರಳ: ರೆಕ್ಕೆಗೆ ಊರುಗೋಲಾಗಿದ್ದ ಮುಂದಿನ ದಂಡದ ನಡುಮಧ್ಯಕ್ಕೆ ಒಂದು ಚಿಕ್ಕ ದಂಡ ಕಟ್ಟಿ ಅದನ್ನು ಬಿಗಿಗೊಳಿಸಿದರು. ಗಣಿತಜ್ಞ ಆಯಿಲರ್‌ನ ಕಂಬದ ಸೂತ್ರ ಓದಿದ ವಿದ್ಯಾರ್ಥಿಗೆ ಇದರ ತರ್ಕ ಕೂಡಲೇ ಹೊಳೆಯಬೇಕು. ಆಧಾರವಿಲ್ಲದ ಉದ್ದ ಅರ್ಧವಾದರೆ ದಂಡ ಬಳುಕಿ ಮಡಚಿಕೊಳ್ಳಲು ಬೇಕಾದ ಹೊರೆ ನಾಲ್ಕು ಪಟ್ಟಾಗುತ್ತದೆ.

ಇನ್ನು ರಂಧ್ರಗಳ ವಿಷಯ. ಸಂಜೆ ದಾದರ್ ಸೇತುವೆಯ ಮೇಲೆ ನಡುವೆ ಒಂದು ಕಂಬವಿದ್ದರೆ ಜನಪ್ರವಾಹ ಏನು ಮಾಡುತ್ತದೆಂದು ನಿಮಗೆ ಗೊತ್ತು: ಕಂಬದ ಎರಡೂ ಮಗ್ಗುಲಲ್ಲಿ ಭುಜಕ್ಕೆ ಭುಜ ತಾಗುವ ನೂಕುನುಗ್ಗಲು, ಆಚೆ ಸರಿದರೆ ಸಲೀಸು. ಲೋಹದ ಹಾಳೆಯಲ್ಲಿ ದುಂಡು ತೂತು ಕೊರೆದರೂ ಹೀಗೆಯೇ. ತೂತಿನ ಅಂಚಿನಲ್ಲಿ ಸ್ಟ್ರೆಸ್, ಅಂದರೆ ಲೋಹದ ಪ್ರತಿ ಚದರ ಅಳತೆಯ ಮೇಲೆ ಬೀಳುವ ಬಲ, ದೂರದಲ್ಲಿರುವುದರ ಮೂರು ಪಟ್ಟಾಗುತ್ತದೆ. ಜರ್ಮನ್ ಎಂಜಿನಿಯರ್ ಕಿರ್ಷ್ 1898ರಲ್ಲೇ ಇದನ್ನು ತೋರಿಸಿದ. ಮೂಲೆ ಚೂಪಾದಷ್ಟೂ ಅದು ಇನ್ನೂ ಏರುತ್ತದೆಂದು 1913ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಇಂಗ್ಲಿಸ್ ಲೆಕ್ಕ ಹಾಕಿಕೊಟ್ಟ.

ಹಾಗಿದ್ದೂ 1954ರ ಜನವರಿಯಲ್ಲಿ ಎಲ್ಬಾ ದ್ವೀಪದ ಬಳಿ, ಏಪ್ರಿಲ್‌ನಲ್ಲಿ ನೇಪಲ್ಸ್ ಬಳಿ ಬ್ರಿಟನ್ನಿನ ಕಾಮೆಟ್ ಎಂಬ ಎರಡು ಪ್ರಯಾಣಿಕ ಜೆಟ್‌ಗಳು ಆಕಾಶದಲ್ಲೇ ಛಿದ್ರವಾದವು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಇನ್ನೊಂದು ಕಾಮೆಟ್ಟಿನ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಹಾರಾಟದಲ್ಲಿ ಆಗುವಂತೆಯೇ ಒಳಗೆ ಒತ್ತಡ ಏರಿಸಿ ಇಳಿಸುತ್ತಾ ಹೋದರು. ನಿಜವಾದ ಹಾರಾಟಗಳೂ ತೊಟ್ಟಿಯ ಹಾರಾಟಗಳೂ ಸೇರಿ 3,057ಕ್ಕೆ ಅದು ಬಿರಿಯಿತು. ಕಿಟಕಿಗಳು ಚೌಕವಾಗಿದ್ದುದೇ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಆ ಮಾತು ಅರೆಬೆಂದದ್ದು ಅನ್ನಿಸುತ್ತದೆ. ಸಮುದ್ರದಿಂದ ಎತ್ತಿದ ಎಲ್ಬಾ ವಿಮಾನದ ಅವಶೇಷದಲ್ಲಿ ಬಿರುಕು ಹೊರಟದ್ದು ಪ್ರಯಾಣಿಕರ ಕಿಟಕಿಯಿಂದಲ್ಲ, ನೆತ್ತಿಯ ಮೇಲೆ ಆಂಟೆನಾಕ್ಕೆಂದು ಕತ್ತರಿಸಿದ್ದ ಕಿಂಡಿಯಿಂದ. ಆಕಾರದ ಜೊತೆಗೆ, ಅದೇ ಹೊರೆ ಮತ್ತೆ ಮತ್ತೆ ಬಂದು ಹೋಗುವುದರಿಂದ ಲೋಹಕ್ಕೆ ಬರುವ ದಣಿವೂ ಅಲ್ಲಿತ್ತು.

ಅದಕ್ಕೇ ತರಗತಿಯಲ್ಲಿ ಒಂದು ಸಣ್ಣ ಲೆಕ್ಕ ಮಾಡಿಸುತ್ತೇನೆ. ಒಡಲಿನ ತ್ರಿಜ್ಯ 1.9 ಮೀಟರ್, ಹೊದಿಕೆ 1 ಮಿಲಿಮೀಟರ್, ಒಳಹೊರಗಿನ ಒತ್ತಡದ ಅಂತರ ಅರ್ಧ ವಾಯುಮಂಡಲ. ಸುತ್ತಳತೆಯ ದಿಕ್ಕಿನ ಸ್ಟ್ರೆಸ್ ಸುಮಾರು 95 ಮೆಗಾಪಾಸ್ಕಲ್ ಬರುತ್ತದೆ, ಉದ್ದದ ದಿಕ್ಕಿನದು ಅದರ ಅರ್ಧ. ವಿಮಾನದ ಅಲ್ಯೂಮಿನಿಯಂ 300ನ್ನೂ ಮೀರಿ ತಡೆಯುತ್ತದೆ, ಹಾಗಾದರೆ ಚಿಂತೆಯೇನು ಎನ್ನುತ್ತಾರೆ ಮಕ್ಕಳು. ಆಗ ಅಲೋಹಾ ಏರ್‌ಲೈನ್ಸ್‌ನ ಕಥೆ. 1988ರ ಏಪ್ರಿಲ್ 28ರಂದು ಹವಾಯಿಯ ದ್ವೀಪಗಳ ನಡುವೆ ಓಡಾಡುತ್ತಿದ್ದ ಬೋಯಿಂಗ್ 737ರ ಮುಂಭಾಗದ ಚಾವಣಿ ಹಾರಾಟದಲ್ಲೇ ಕಿತ್ತುಹೋಯಿತು. ಗಗನಸಖಿಯೊಬ್ಬರು ಅಸುನೀಗಿದರು, ವಿಮಾನ ಹೇಗೋ ನೆಲ ಮುಟ್ಟಿತು. ಅಷ್ಟರಲ್ಲಿ ಅದು 89,680 ಬಾರಿ ಹಾರಿತ್ತು. ಲೋಹದ ದಣಿವಿಗೆ ಗಂಟೆಗಳ ಲೆಕ್ಕವಿಲ್ಲ, ಒತ್ತಡ ಏರಿಳಿದ ಸಲದ ಲೆಕ್ಕ. ಮುಂಬಯಿಯಿಂದ ಗೋವಾಕ್ಕೆ ಹೋದರೂ ಒಂದು, ಲಂಡನ್ನಿಗೆ ಹೋದರೂ ಒಂದು. ಜೊತೆಗೆ ಲೋಹವನ್ನು ತಿನ್ನುವ ಉಪ್ಪುಗಾಳಿ; ಮನೆಯ ಕಿಟಕಿ ಗ್ರಿಲ್‌ಗೆ ಎಷ್ಟು ಬಾರಿ ಬಣ್ಣ ಬಳಿಸಿದ್ದೀರೆಂದು ನೆನಪಿಸಿಕೊಳ್ಳಿ.

ಕೊನೆಯದಾಗಿ ಸಾಫ್ಟ್‌ವೇರ್. ಈಗಿನ ಮಕ್ಕಳು ಬಣ್ಣಬಣ್ಣದ ಸ್ಟ್ರೆಸ್ ಚಿತ್ರವನ್ನು ಕ್ಷಣಾರ್ಧದಲ್ಲಿ ತೆಗೆದುಕೊಡುತ್ತಾರೆ, ಕೆಂಪು ಕಂಡಲ್ಲಿ ಅಪಾಯ ಎನ್ನುತ್ತಾರೆ. ನಾನು ಕಂಪ್ಯೂಟರಿನ ವೈರಿಯಲ್ಲ. 2006ರ ಫೆಬ್ರುವರಿಯಲ್ಲಿ ತುಲೂಸ್‌ನಲ್ಲಿ ಏರ್‌ಬಸ್ ಎ380ರ ರೆಕ್ಕೆಯನ್ನು ಬಾಗಿಸಿ ಪರೀಕ್ಷಿಸಿದಾಗ ಅದು ಗರಿಷ್ಠ ಹೊರೆಯ 1.5ರ ಬದಲು 1.45 ಪಟ್ಟಿನಲ್ಲೇ ಮುರಿಯಿತು. ಪತ್ರಿಕೆಗಳಿಗೆ ಅದು ಸೋಲು. ಅಷ್ಟು ದೊಡ್ಡ ರೆಕ್ಕೆಯ ಲೆಕ್ಕ ಮೂರು ಚಿಲ್ಲರೆ ಪ್ರತಿಶತದಷ್ಟೇ ತಪ್ಪಿತೆಂಬುದು ನನಗೆ ಇಂದಿಗೂ ಬೆರಗು. ಆದರೆ ಆ ಲೆಕ್ಕ ಮಾಡಿದವರಿಗೆ ಭಾರ ಹೋಗುವ ದಾರಿ ಮೊದಲೇ ಗೊತ್ತಿತ್ತು. ನನ್ನ ಪ್ರಯೋಗಾಲಯದಲ್ಲಿ ಈಗ ನಿಯಮ ಇಷ್ಟೇ: ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ಚಿತ್ರ ಬರೆದು, ಬಲಗಳ ಬಾಣ ಹಾಕಿ, ಕೈಲೆಕ್ಕದ ಒಂದು ಅಂದಾಜು ಬರೆದುಕೊಡಬೇಕು. ಎರಡು ಉತ್ತರಗಳಿಗೆ ಸಾವಿರ ಪಟ್ಟು ಅಂತರ ಬಂದರೆ ಎಲ್ಲೋ ಮೀಟರ್ ಇರಬೇಕಾದಲ್ಲಿ ಮಿಲಿಮೀಟರ್ ನುಸುಳಿದೆ ಎಂದೇ ಅರ್ಥ. ಅಂಕಗಳಲ್ಲಿ ಅರ್ಧ ಆ ಕಾಗದಕ್ಕೆ. ವಿದ್ಯಾರ್ಥಿಗಳು ಇದರ ವಿರುದ್ಧ ವಿಭಾಗದ ಮುಖ್ಯಸ್ಥರಿಗೆ ಒಂದು ಮನವಿ ಕೊಟ್ಟಿದ್ದಾರೆ. ಅದರ ಭಾಷೆ ಚೆನ್ನಾಗಿದೆ, ಚಿತ್ರ ಮಾತ್ರ ಇಲ್ಲ.

ಪ್ರಶ್ನೆಗಳಿದ್ದರೆ ಕೇಳಿ.